ಟೇಪು ಟೀಚರ ಒಡೆಯದ ಗಾಜು

ಟೇಪು ಟೀಚರು ಬೆಳಗ್ಗೆ ಶಾಲೆಯ ಮೆಟ್ಟಿಲು ಹತ್ತುವ ಸದ್ದು ಕೇಳಿಯೇ ಅವರ ಹಿಂದಿನ ಸಂಜೆ ಹೇಗೆ ಕಳೆಯಿತು ಎಂದು ನಾನು ಹೇಳಿಬಿಡುತ್ತಿದ್ದೆ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಹತ್ತಿದರೆ ಯಾವುದೋ ಹುಡುಗಿಯ ಮನೆಗೆ ನಡೆದು ಹೋಗಿ ಬಂದಿದ್ದಾರೆ ಎಂದು ಅರ್ಥ. ಅರ್ಧಕ್ಕೆ ನಿಂತು ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿಕೊಂಡರೆ ಆ ಮನೆಯವರು ಒಪ್ಪಿಲ್ಲ ಎಂದು ಅರ್ಥ. ಹೆಚ್ಚಿನ ದಿನ ಚೀಲ ಬದಲಾಗುತ್ತಿತ್ತು.

ಪಿಯುಸಿವರೆಗೂ ಇದ್ದ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಆಯಾ ಆಗಿದ್ದೆ. ಗುಡಿಸುವುದು, ಗಂಟೆ ಹೊಡೆಯುವುದು, ಬೀಗ ತೆಗೆಯುವುದು, ಹಾಕುವುದು. ಟೀಚರು ಲೆಕ್ಕವನ್ನೂ ವಿಜ್ಞಾನವನ್ನೂ ಹೇಳಿಕೊಡುತ್ತಿದ್ದರು. ಅವರ ಚೀಲದಲ್ಲಿ ಸೀಮೆಸುಣ್ಣ ಇಲ್ಲದಿದ್ದರೂ ಸುರುಳಿ ಸುತ್ತಿಕೊಳ್ಳುವ ತಗಡಿನ ಟೇಪು ಇರಲೇಬೇಕು. ಹುಡುಗಿಯರಿಗೆ ಅದನ್ನು ಕೊಟ್ಟು ಮೆಟ್ಟಿಲು ಅಳೆಯಿರಿ, ಕಿಟಕಿ ಅಳೆಯಿರಿ, ಮರದ ನೆರಳು ಅಳೆಯಿರಿ ಎಂದು ಓಡಿಸುತ್ತಿದ್ದರು. ಹುಚ್ಚು ಮನೆಗೂ ಅಂಟುತ್ತಿತ್ತು. ಬೇಕರಿಯವನ ಮಗಳು ತನ್ನಪ್ಪನ ಬ್ರೆಡ್ಡನ್ನೇ ಅಳೆದು, ಹೋದ ತಿಂಗಳಿಗಿಂತ ಅರ್ಧ ಇಂಚು ಗಿಡ್ಡ ಎಂದು ಗಿರಾಕಿಗಳ ಎದುರೇ ಹೇಳಿ ಏಟು ತಿಂದಿದ್ದಳು. ಮಾರನೆಯ ದಿನ ಬೇಕರಿಯವನು ಜಗಳಕ್ಕೆ ಬಂದ. ಟೀಚರು ಅವನ ಮಾತನ್ನೆಲ್ಲ ಕೇಳಿ, "ಅಳತೆ ತಪ್ಪಾಗಿತ್ತಾ?" ಎಂದು ಇಷ್ಟೇ ಕೇಳಿದರು. ಅವನು ಹೊರಟುಹೋದ.

ಅವರಿಗೆ ಮದುವೆ ಆಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು ದರ್ಜಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಇದ್ದರು. ಓದುವ ವಯಸ್ಸಿನಲ್ಲಿ ಅವರಿಗೂ ಎಂಜಿನಿಯರಿಂಗಿಗೆ ಸೀಟು ಸಿಕ್ಕಿತ್ತಂತೆ. ಸೇರಿಸಲು ಹೋದ ದಿನ ಅವರಪ್ಪ ಕಾಲೇಜನ್ನೆಲ್ಲ ಸುತ್ತಿ ನೋಡಿ, ಹೆಣ್ಣುಮಕ್ಕಳಿಗೆ ಒಂದು ಕಕ್ಕಸೂ ಇಲ್ಲ ಎಂದು ಅದೇ ಬಸ್ಸಿಗೆ ವಾಪಸ್ಸು ಕರೆದುಕೊಂಡು ಬಂದರಂತೆ. ಇದನ್ನು ನನಗೆ ಒಮ್ಮೆ, ಕೈ ತೊಳೆಯುತ್ತಾ, ಬೇರೆಯವರ ಕಥೆಯ ಹಾಗೆ ಹೇಳಿದ್ದರು. ಪ್ರತಿವರ್ಷ ಕೊನೆಯ ತರಗತಿಯಲ್ಲಿ ನಾಲ್ಕೈದು ಹುಡುಗಿಯರನ್ನು ಗುರುತಿಸಿ, ಅವರ ಮನೆಗಳಿಗೆ ನಡೆದು, ಅಪ್ಪಂದಿರ ಎದುರು ಕೂತು ಎಂಜಿನಿಯರಿಂಗ್ ಓದಿಸಿ ಎಂದು ಕೇಳುವುದು ಅವರ ಸಂಜೆಯ ಕೆಲಸ. ಕೆಲವರು ಕುರ್ಚಿ ಕೊಡುತ್ತಿದ್ದರು. ಕೆಲವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸುತ್ತಿದ್ದರು. ನಾನು ನೋಡಿದ ಹಾಗೆ, ಮೊದಲ ಇಪ್ಪತ್ತೆರಡು ವರ್ಷದಲ್ಲಿ ಹೋದವರು ಒಂಬತ್ತು ಜನ. ಹತ್ತನೆಯವಳು ಆಗಬೇಕಾಗಿದ್ದವಳು ನನ್ನ ಮಗಳು. ಅವಳ ದಾರಿಗೆ ಅಡ್ಡ ಬಂದವಳು ನಾನೇ.

ನಮ್ಮ ಯಜಮಾನರು ಗಾರೆ ಕೆಲಸದವರು. ಮಗಳು ಎಂಜಿನಿಯರಿಂಗ್ ಎಂದಾಗ ಅವರು ಸಿಟ್ಟೇನೂ ಮಾಡಲಿಲ್ಲ, ಆಗುವುದಿಲ್ಲ ಎಂದರು ಅಷ್ಟೇ. ಸೈಟಿನಲ್ಲಿ ಹೆಂಗಸರು ತಲೆ ಮೇಲೆ ಕಲ್ಲು ಹೊರುವುದನ್ನು, ಮೇಸ್ತ್ರಿಗಳು ಅವರನ್ನು ಕರೆಯುವ ರೀತಿಯನ್ನು ಅವರು ಮೂವತ್ತು ವರ್ಷ ನೋಡಿದ್ದರು. ನನ್ನ ಮಗಳು ಆ ಧೂಳಿಗೆ ಕಾಲಿಡಬಾರದು, ನೆರಳಲ್ಲಿ ಕೂತು ಮಾಡುವ ಕೆಲಸ ಹಿಡಿಯಲಿ ಎಂಬುದು ಅವರ ಹಟ. ಟೀಚರು ಮೂರು ಸಲ ನಮ್ಮ ಮನೆಗೆ ಬಂದರು. ಮೂರು ಸಲವೂ ಯಜಮಾನರು ಟೀ ಕುಡಿಸಿ ಕಳಿಸಿದರು. ಮಾರನೆಯ ಬೆಳಗ್ಗೆ ಮೆಟ್ಟಿಲ ಮೇಲೆ ಚೀಲ ಬದಲಾಗುವುದನ್ನು ಪೊರಕೆ ಹಿಡಿದು ನಿಂತು ನೋಡುವುದು ನನ್ನ ಪಾಲಿಗೆ.

ಕೆಳಗಿನ ಸಾಲಿನ ಕೊನೆಯ ಕೋಣೆಯ ಹಿಂದಿನ ಗೋಡೆಯಲ್ಲಿ ಒಂದು ಬಿರುಕು ಇತ್ತು. ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ನೆಲದ ಕಡೆಗೆ ಇಳಿದಿತ್ತು. ಆ ವರ್ಷ ಟೀಚರು ನನ್ನ ಮಗಳ ಕೈಯಿಂದ ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗೂ ಗಾರೆ ಮೆತ್ತಿ ಕೂರಿಸಿದರು. ಗಾರೆಯ ಮೇಲೆ ಮಗಳು ಮೊಳೆಯಿಂದ ತಾರೀಖು ಗೀಚಿದಳು. ಪ್ರತಿ ಸೋಮವಾರ ಅದನ್ನು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸವೂ ಅವಳದೇ. ನಾನು ಓದಿದ್ದು ಮೂರನೇ ಕ್ಲಾಸು. ಗಾಯಕ್ಕೆ ಪಟ್ಟಿ ಕಟ್ಟುವ ಹಾಗೆ ಬಿರುಕು ಅಗಲವಾಗದಿರಲಿ ಎಂದು ಗಾಜು ಹಾಕಿದ್ದಾರೆ ಎಂದುಕೊಂಡೆ. ಗೋಡೆಯನ್ನು ಗಾಜು ಹಿಡಿದು ನಿಲ್ಲಿಸುತ್ತದೆ ಎಂದು ನಂಬಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಯಾರನ್ನಾದರೂ ಕೇಳಬಹುದಿತ್ತು. ಮಗಳ ಎದುರು ದಡ್ಡಿಯಾಗುವುದು ಬೇಡ ಎಂದು ಕೇಳಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಶನಿವಾರ ಶಾಲೆ ಬಿಟ್ಟಾಗ ನಾನು ಉದ್ದ ಪೊರಕೆಯಲ್ಲಿ ಆ ಕೋಣೆಯ ಜೇಡರ ಬಲೆ ತೆಗೆಯುತ್ತಿದ್ದೆ. ನೋಡುತ್ತೇನೆ, ಗಾಜು ನಡುವೆ ಎರಡಾಗಿದೆ. ನನ್ನ ಪೊರಕೆಯೇ ತಾಗಿತು ಎಂದುಕೊಂಡೆ. ಹಿಂದಿನ ವಾರವಷ್ಟೇ ಲ್ಯಾಬಿನಲ್ಲಿ ಒಂದು ಗಾಜಿನ ಲೋಟ ಒಡೆದು ಹೆಡ್ ಮೇಡಂ ಕೈಯಲ್ಲಿ ಎಲ್ಲರ ಎದುರು ಅನ್ನಿಸಿಕೊಂಡಿದ್ದೆ. ಈಗ ಇದೂ ನನ್ನ ತಲೆಗೆ ಬಂದರೆ? ಲ್ಯಾಬಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಡಬ್ಬಿಯಲ್ಲಿ ಅಂಥದೇ ಪಟ್ಟಿಗಳಿದ್ದವು. ಮನೆಗೆ ಓಡಿ ಯಜಮಾನರ ಚೀಲದಿಂದ ಒಂದು ಹಿಡಿ ಸಿಮೆಂಟು, ಮರಳು ಕಾಗದದಲ್ಲಿ ಕಟ್ಟಿಕೊಂಡು ಬಂದೆ. ಇಷ್ಟು ವರ್ಷ ಗಾರೆಯವನ ಹೆಂಡತಿಯಾಗಿ ಹದ ಗೊತ್ತಿಲ್ಲದೆ ಇರುತ್ತದೆಯೇ? ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ತಾರೀಖನ್ನು ನೋಡಿ ನೋಡಿ ಹಾಗೇ ಗೀಚಿದೆ. ಸೋಮವಾರದ ಹೊತ್ತಿಗೆ ಒಣಗಿತ್ತು. ಮಗಳು ನೋಡಿ, ಗಾಜು ಸರಿಯಿದೆ ಎಂದು ಬರೆದಳಂತೆ.

ಮಳೆ ನಿಲ್ಲುವ ಹೊತ್ತಿಗೆ ಇನ್ನೊಂದು ಶನಿವಾರ ಮತ್ತೆ ಹಾಗೇ ಆಗಿತ್ತು. ಈ ಸಲ ನಾನು ಪೊರಕೆಯನ್ನು ಅತ್ತ ಒಯ್ದಿರಲೇ ಇಲ್ಲ. ಆದರೂ ಹೊಳೆಯಲಿಲ್ಲ. ಚೆಂಡಾಡುವ ಹುಡುಗಿಯರ ಕೆಲಸ ಎಂದು ಬೈದುಕೊಂಡು ಮತ್ತೊಂದು ಪಟ್ಟಿ ಮೆತ್ತಿದೆ. ಕಸ ಆಯುವವರ ಕೈಗೆ ಚುಚ್ಚೀತು ಎಂದು ಹೋದ ಸಲದ ಚೂರುಗಳನ್ನೂ ಈ ಸಲದವನ್ನೂ ಗಾರೆಯ ಸಮೇತ ಒಂದು ತಗಡಿನ ಡಬ್ಬಿಗೆ ಹಾಕಿ ಪೊರಕೆ ಇಡುವ ಗೂಡಿನಲ್ಲಿ ಇಟ್ಟೆ. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಪರೀಕ್ಷೆಯ ಹಿಂದಿನ ತಿಂಗಳು ಒಂದು ಸೋಮವಾರ ಯಜಮಾನರು ಮಧ್ಯಾಹ್ನವೇ ಕೆಲಸ ಬಿಟ್ಟು ಶಾಲೆಗೆ ಬಂದು, ಟೀಚರನ್ನು ನೋಡಿ ಹೋದರು. ಸಂಜೆ ನಾನು ಮನೆಗೆ ಬಂದಾಗ ಕಾಲು ಚಾಚಿಕೊಂಡು ಕೂತಿದ್ದರು. ಮಗಳು ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ, ಉಜ್ಜಿ ಆಗಿದ್ದ ಪಾತ್ರೆಯನ್ನೇ ಉಜ್ಜುತ್ತಿದ್ದಳು. ಏನಾಯಿತು ಎಂದೆ.

"ಗೆದ್ದೆ," ಎಂದರು ಯಜಮಾನರು. ಅವರ ದನಿಯಲ್ಲಿ ಗೆದ್ದವರ ಖುಷಿ ಇರಲಿಲ್ಲ.

ಆಗ ಒಂದೊಂದಾಗಿ ಹೊರಗೆ ಬಂತು. ಮಳೆಗೆ ಮುಂಚೆ, ಮಾರ್ಕ್ಸ್‌ಕಾರ್ಡಿಗೆ ಸಹಿ ಹಾಕಲು ಹೋದಾಗ ಟೀಚರು ಅವರಿಗೆ ಆ ಬಿರುಕು ತೋರಿಸಿದ್ದರು. ಗೋಡೆ ನಡೆಯುತ್ತಿದೆ ಎಂದು ನಿಮ್ಮ ಮಗಳಿಗೆ ಅನುಮಾನ, ಕಂಡುಹಿಡಿಯಲು ಗಾಜು ಹಾಕಿದ್ದಾಳೆ, ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ ಎಂದಿದ್ದರು. ಆ ಗೋಡೆಗೆ ಗಾರೆ ಹಾಕಿದ್ದು ನಮ್ಮವರೇ.

"ಇದು ಗಾರೆ ಮೈಮೇಲಿನ ಗೆರೆ ಟೀಚರ್," ಎಂದಿದ್ದರಂತೆ ಇವರು. "ನನ್ನ ಹಣೆ ಮೇಲೂ ಇದೆ ನೋಡಿ. ನಾನೇನು ಬಿದ್ದುಹೋಗಿದೀನಾ?"

ಗಾಜು ಒಡೆದರೆ ಮಗಳ ಅರ್ಜಿಗೆ ತಾನೇ ಸಹಿ ಹಾಕುವುದು, ಪರೀಕ್ಷೆಯ ಹಿಂದಿನ ತಿಂಗಳವರೆಗೂ ಒಡೆಯದಿದ್ದರೆ ಟೀಚರು ಮತ್ತೆ ನಮ್ಮ ಬಾಗಿಲಿಗೆ ಬರಬಾರದು ಎಂದು ಮಾತಾಗಿತ್ತು. ಹೆಂಗಸಿನ ಜೊತೆ ಪಂಥ ಕಟ್ಟಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ನನಗೆ ಹೇಳಿರಲಿಲ್ಲ. ಅಪ್ಪ ಹೇಳಿರುತ್ತಾನೆ ಎಂದು ಮಗಳು ಹೇಳಿರಲಿಲ್ಲ. ಈ ಮಧ್ಯಾಹ್ನ ಮೂವರೂ ಹೋಗಿ ನೋಡಿದರೆ ಗಾಜು ಹೊಳೆಯುತ್ತಾ ಇಡಿಯಾಗಿ ಕೂತಿತ್ತು. ಟೀಚರು ಒಂದು ಮಾತೂ ವಾದಿಸಲಿಲ್ಲವಂತೆ. ಒಡೆದಿಲ್ಲ, ಸರಿ, ಎಂದು ನೋಟ್‌ಬುಕ್ಕಿಗೆ ಸಹಿ ಹಾಕಿ ಕ್ಲಾಸಿಗೆ ಹೋದರಂತೆ.

ನಾನು ಕೂತಲ್ಲೇ ಕೂತೆ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗೆ ಆಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಕೆಲಸ ಹೋಗಬಹುದು. ಹೇಳಿದರೆ ಗಂಡನ ಗೋಡೆಗೂ ಅವರ ಮಾತಿಗೂ ಸೋಲು. ಹೇಳದಿದ್ದರೆ ಮಗಳು ಇನ್ನು ನಲವತ್ತು ವರ್ಷ ಹೀಗೇ ಗೋಡೆಗೆ ಮುಖ ಮಾಡಿ ಪಾತ್ರೆ ಉಜ್ಜುತ್ತಾಳೆ.

ಮಾರನೆಯ ಸಂಜೆ ಡಬ್ಬಿ ತೆಗೆದುಕೊಂಡು ಟೀಚರ ಮನೆಗೆ ಹೋದೆ. ಅವರು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು, ತೊಡೆಯ ಮೇಲೆ ಉತ್ತರಪತ್ರಿಕೆ ಇಟ್ಟುಕೊಂಡು ಕೂತಿದ್ದರು. ಒಳಗಿನ ಕೋಣೆಯಿಂದ ಅವರ ತಾಯಿ ಬಾಗಿಲು ಹಾಕಿದೆಯಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಟೀಚರು ಪ್ರತಿ ಸಲವೂ, ತಲೆ ಎತ್ತದೆ, ಹಾಕಿದೆ ಅಮ್ಮ ಎನ್ನುತ್ತಿದ್ದರು. ನಾನು ಡಬ್ಬಿ ಬಿಚ್ಚಿ ಎಲ್ಲವನ್ನೂ ಹೇಳಿದೆ. ಅವರು ಚೂರುಗಳನ್ನು ತೆಗೆದು, ಮುರಿದ ಕಡೆ ಮುರಿದ ಕಡೆಗೆ ಜೋಡಿಸಿ ದೀಪಕ್ಕೆ ಹಿಡಿದರು. ಎರಡು ಪಟ್ಟಿಯೂ ಸರಿಯಾಗಿ ಬಿರುಕಿನ ನೇರಕ್ಕೇ ಮುರಿದಿದ್ದವು.

"ಮೊದಲನೇದು ಯಾವಾಗ?"

"ಮಳೆ ಹಿಡಿದ ಮೇಲೆ ಟೀಚರ್. ಎರಡನೇದು ಮಳೆ ಬಿಡೋ ಹೊತ್ತಿಗೆ."

ಅವರು ಕಣ್ಣು ಮುಚ್ಚಿಕೊಂಡರು. "ಅಷ್ಟು ತಿಂಗಳು ಆ ಗೋಡೆ ಪಕ್ಕ ನಲವತ್ತು ಹುಡುಗೀರನ್ನ ಕೂರಿಸಿದೀನಿ. ಗೋಡೆಗೆ ಏನೂ ಆಗಿಲ್ಲ ಅಂತ ಹೆಡ್ ಮೇಡಂಗೆ ಬರೆದೂ ಕೊಟ್ಟಿದೀನಿ."

"ಬೈದುಬಿಡಿ ಟೀಚರ್."

"ಬೈಯೋಕೂ ಶಕ್ತಿ ಬೇಕಲ್ಲಮ್ಮ." ನೀರಿನಿಂದ ಒಂದು ಕಾಲು ತೆಗೆದರು, ಮತ್ತೆ ಅಲ್ಲೇ ಇಟ್ಟರು. "ತಪ್ಪು ನಿಮ್ಮದೊಂದೇ ಅಲ್ಲ. ಬಿರುಕಿನೊಳಗೆ ಮೊದಲು ಕಾಗದ ಮಾತ್ರ ಹೋಗ್ತಿತ್ತು, ಈಗ ರಟ್ಟು ಹೋಗ್ತಿದೆ, ಆದ್ರೆ ಗಾಜು ಒಡೆದಿಲ್ಲ, ಯಾಕೋ ಗೊತ್ತಿಲ್ಲ ಅಂತ ನಿಮ್ಮ ಮಗಳು ಎರಡು ಸಲ ಬರೆದಿದ್ಲು. ನಾನು ಓದಿದೆ. ಅವತ್ತು ತುಂಬಾ ಸುಸ್ತಾಗಿತ್ತು. ನಾಳೆ ನೋಡೋಣ ಅಂದ್ಕೊಂಡೆ. ಆ ನಾಳೆ ಬರಲೇ ಇಲ್ಲ."

ನಮ್ಮವರಿಗೆ ನೀವೇ ಒಂದು ಮಾತು ಹೇಳಿ ಎಂದು ಬೇಡಿಕೊಂಡೆ. ಅವರು ತಲೆ ಅಲ್ಲಾಡಿಸಿದರು. ನಾನು ಹೇಳಿದರೆ ಸೋತವಳು ಕಥೆ ಕಟ್ಟುತ್ತಿದ್ದಾಳೆ ಎನ್ನುತ್ತಾರೆ, ಅಲ್ಲದೆ ನಿಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಹೇಳುವುದಾದರೆ ನೀವೇ ಹೇಳಬೇಕು ಎಂದರು.

ಬೆಳಗ್ಗೆ ನಾನು ಗಂಟೆ ಹೊಡೆಯುವ ಮುಂಚೆಯೇ ಅವರು ಬಂದಿದ್ದರು. ಹುಡುಗಿಯರು ಬಂದ ಹಾಗೆ ಹಾಗೆ ಬೆಂಚುಗಳನ್ನು ಹೊರಗೆ ಸಾಗಿಸಿ, ಪಾಠವನ್ನು ಮೇಲಿನ ಪಡಸಾಲೆಗೆ ಹಾಕಿಕೊಂಡರು. ಹೆಡ್ ಮೇಡಂ ಕೂಗಾಡಿದರು. ಟೀಚರು ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು, ಗೋಡೆಗೆ ಏನೂ ಆಗಿಲ್ಲ ಎಂದು ಬರೆದದ್ದು ನನ್ನ ತಪ್ಪು ಎಂದು ಇನ್ನೊಂದು ಕಾಗದ ಬರೆದುಕೊಟ್ಟರು. ಇಬ್ಬರಿಗೂ ಮೆಮೊ ಬಂತು. ನನ್ನ ಕೆಲಸ ಉಳಿಯಿತು. ಆದರೆ ಹೆಡ್ ಮೇಡಂ ಲ್ಯಾಬಿನ ಬೀಗದ ಕೈ ಕಸಿದುಕೊಂಡರು. ಸೊಂಟ ಹಗುರಾಗಿ, ಎಷ್ಟೋ ದಿನ ನಡೆಯುವಾಗ ಏನೋ ಬಿದ್ದುಹೋದ ಹಾಗೆ ತಿರುಗಿ ನೋಡುತ್ತಿದ್ದೆ.

ಯಜಮಾನರಿಗೆ ಅವತ್ತೇ ಸಂಜೆ ಹೇಳಿದೆ. ಅವರು ಗಾರೆಗೆ ಮರಳು ಎಷ್ಟು ಹಾಕಿದ್ದೆ ಎಂದು ಕೇಳಿದರು. ಮಾರನೆಯ ದಿನ ಶಾಲೆಗೆ ಬಂದು ನನ್ನ ಕೆಲಸವನ್ನು ಉಗುರಿನಿಂದ ಕೆರೆದು ನೋಡಿದರು.

"ಗಾರೆ ಚೆನ್ನಾಗೇ ಹಾಕಿದೀಯ," ಎಂದರು. "ನನ್ನ ಹತ್ರ ಇದ್ದ ಇಬ್ಬರು ಹುಡುಗರಿಗೂ ಇಷ್ಟು ಬರ್ತಿರಲಿಲ್ಲ." ಆಮೇಲೆ, "ನಿನ್ನ ಪೊರಕೆಯೇ ತಾಗಿರುತ್ತೆ ಬಿಡು," ಎಂದರು.

ನಂಬಲಿಲ್ಲ. ನಂಬಲು ಮನಸ್ಸಿರಲಿಲ್ಲ. ತಾವೇ ಒಂದು ಹೊಸ ಪಟ್ಟಿ ತಂದು, ತಮ್ಮ ಕರಣೆಯಿಂದ ಗಾರೆ ಮೆತ್ತಿ ಕೂರಿಸಿದರು. ಅರ್ಜಿ ಕಳಿಸುವ ದಿನಕ್ಕೆ ಮುಂಚೆ ಹನ್ನೆರಡು ದಿನ ಉಳಿದಿತ್ತು. ಅಷ್ಟರಲ್ಲಿ ಇದು ಒಡೆದರೆ ಸಹಿ ಹಾಕುತ್ತೇನೆ ಎಂದರು. ದಿನಾ ಸಂಜೆ ಕೆಲಸ ಮುಗಿಸಿ, ಸಿಮೆಂಟಿನ ಕೈಯಲ್ಲೇ ಬಂದು, ಬೀಗ ತೆಗೆಸಿ ನೋಡಿಕೊಂಡು ಹೋಗುತ್ತಿದ್ದರು. ನಾನೂ ಹಿಂದೆ ನಿಂತು ನೋಡುತ್ತಿದ್ದೆ. ಒಡಿ, ಒಡಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಅದೇ ಗಾಜನ್ನು ಕಾಪಾಡಲು ಎಷ್ಟು ಪಾಡು ಪಟ್ಟಿದ್ದೆ! ಮಗಳು ಬರಲೇ ಇಲ್ಲ. ನೋಟ್‌ಬುಕ್ಕನ್ನು ಟೀಚರಿಗೆ ಹಿಂದಿರುಗಿಸಿದ್ದಳು.

ಹನ್ನೆರಡನೆಯ ದಿನವೂ ಗಾಜು ಒಡೆಯಲಿಲ್ಲ.

ಅವತ್ತು ಯಜಮಾನರು ಟೀ ಮುಟ್ಟದೆ, ಡಬ್ಬಿಯ ಚೂರುಗಳನ್ನು ತಟ್ಟೆಯಲ್ಲಿ ಸುರಿದು ಜೋಡಿಸುತ್ತಾ ಕೂತರು. ಹೆಡ್ ಮೇಡಂ ಹತ್ತಿರ ಅದನ್ನು ಕೇಳಿ ತಂದಿದ್ದರು ಎಂಬುದೂ ನನಗೆ ಗೊತ್ತಿರಲಿಲ್ಲ.

"ಪೊರಕೆ ತಾಗಿದ್ರೆ ಚೂರುಚೂರಾಗ್ತಿತ್ತು," ಎಂದರು, ತಮ್ಮಷ್ಟಕ್ಕೇ ಹೇಳಿಕೊಳ್ಳುವ ಹಾಗೆ. "ಇದು ಎಳೆದು ಮುರಿದಿರೋದು. ಎರಡೂ ಒಂದೇ ಕಡೆ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಮಳೇಲಿ ನೆಲ ಕುಸಿಯುತ್ತೆ, ಒಣಗಾಲದಲ್ಲಿ ಅಲುಗಲ್ಲ. ನನ್ನ ಗಾಜು ಒಡೆಯಲ್ಲ ಅಂತ ಹಾಕೋವಾಗಲೇ ಗೊತ್ತಿತ್ತು," ಎಂದರು.

ಮಗಳು ಬಾಗಿಲಲ್ಲಿ ನಿಂತಿದ್ದಳು.

"ಕೊಡು ಆ ಕಾಗದ," ಎಂದರು ಅವಳಿಗೆ. ಸಹಿ ಹಾಕುವಾಗ ಪೆನ್ನನ್ನು ಕರಣೆಯ ಹಾಗೆ ಹಿಡಿದಿದ್ದರು. "ಓದ್ಕೊಂಡು ಸೈಟಿಗೆ ಬಂದ ಮೇಲೆ, ಕಲ್ಲು ಹೊರೋರನ್ನ ಅಕ್ಕ ಅನ್ನು. ಅಷ್ಟೇ."

ಅವಳು ಆಗ ಅತ್ತಳು. ಗೋಡೆಗೆ ಮುಖ ಮಾಡದೆ, ಅಪ್ಪನ ಎದುರೇ ಅತ್ತಳು.

ಮಾರನೆಯ ಬೆಳಗ್ಗೆ ಅರ್ಜಿಯನ್ನು ಕಳಿಸುವ ಮುಂಚೆ ಟೀಚರಿಗೆ ತೋರಿಸಲು ನಾನೇ ಓಡಿದೆ. ಪಡಸಾಲೆಯಲ್ಲಿ ಕುರ್ಚಿಗೆ ಆನಿಸಿದ ಬೋರ್ಡನ್ನು ಒರೆಸುತ್ತಿದ್ದರು. ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಸಹಿಯನ್ನು ನೋಡಿ, "ಫೋಟೋ ಅಂಟಿಸಿದಾಳಾ? ಹೋದ ವರ್ಷ ಒಬ್ಬಳು ಮರೆತಿದ್ಲು," ಎಂದು ಕಾಗದವನ್ನು ತಿರುಗಿಸಿ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತುಬಿಟ್ಟರು. ಅದೇ ಕ್ಲಾಸಿನ ಬೆಸುಗೆ ಅಂಗಡಿಯವನ ಮಗಳು ನನ್ನ ಮಗಳಿಗಿಂತ ಲೆಕ್ಕದಲ್ಲಿ ಚುರುಕು. ಅವಳನ್ನು ಸೋದರಮಾವನ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂರಿಸಿದ್ದಾರೆ, ಹಿಂದಿನ ಸಂಜೆ ಅವರ ಮನೆಯಲ್ಲಿ ಟೀಚರನ್ನು ಒಳಗೇ ಕರೆಯಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮಗಳು ಓದಿದಳು. ಈಗ ಹಳೆಯ ಕಟ್ಟಡಗಳನ್ನು ನೋಡಿ, ಜನ ಇರಬಹುದೋ ಇಲ್ಲವೋ ಎಂದು ಬರೆದುಕೊಡುವುದು ಅವಳ ಕೆಲಸ. ಯಜಮಾನರು ಅದನ್ನು ಎರಡು ವರ್ಷ ಕಂಡು ತೀರಿಕೊಂಡರು. ಕಲ್ಲು ಹೊರುವವರನ್ನು ಅಕ್ಕ ಎನ್ನುತ್ತಾಳೋ ಇಲ್ಲವೋ ಎಂದು ನಾನು ಕೇಳಿಲ್ಲ. ಅವಳೊಮ್ಮೆ ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಲೇ ಯಾರನ್ನೋ ಹಾಗೆ ಕರೆದದ್ದು ಕೇಳಿಸಿತು.

ಅವಳು ಓದಲು ಹೊರಟ ವಾರ ಟೀಚರು ಆ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟರು. ಕೋಣೆಗೆ ಬೀಗ ಬಿದ್ದಿತ್ತು, ಆದರೆ ಗೋಡೆಯನ್ನು ಕೆಡವುವವರು ಇನ್ನೂ ಮನಸ್ಸು ಮಾಡಿರಲಿಲ್ಲ. ಗಾಜು ಯಜಮಾನರು ಹಾಕಿದ್ದೇ ಇತ್ತು. ಇನ್ನು ಮೇಲೆ ನೀವೇ ನೋಡಿ, ಶನಿವಾರ ಶನಿವಾರ ಬರೆಯಿರಿ ಎಂದರು. ನನಗೆ ಎಲ್ಲಿ ಬರುತ್ತದೆ ಟೀಚರ್ ಎಂದೆ. ತಾರೀಖು ಅಷ್ಟು ಚೆನ್ನಾಗಿ ನಕಲು ಮಾಡಿದವರಿಗೆ ಬರದೆ ಏನು ಎಂದರು. ಅವರು ನನ್ನನ್ನು ಚುಚ್ಚಿದ್ದು ಅದೊಂದೇ ಸಲ.

ಮೂರನೇ ಕ್ಲಾಸಿನ ಅಕ್ಷರಗಳನ್ನು ನಾನು ಆ ಪುಸ್ತಕದಲ್ಲಿ ಮತ್ತೆ ಹುಡುಕಿಕೊಂಡೆ. ತಾರೀಖು, ಆಮೇಲೆ, ಒಡೆದಿಲ್ಲ. ತಾರೀಖು, ಒಡೆದಿಲ್ಲ. ಸೋಮವಾರ ಬೆಳಗ್ಗೆ ಮೆಟ್ಟಿಲ ಹತ್ತಿರ ನಿಂತು ತೋರಿಸುತ್ತಿದ್ದೆ. ಅವರು ಸಹಿ ಹಾಕಿ ಮೇಲೆ ಹೋಗುತ್ತಿದ್ದರು.

ಮಳೆ ಹಿಡಿದ ಮೂರನೆಯ ಶನಿವಾರ ಬೀಗ ತೆಗೆದು ನೋಡಿದೆ. ಗಾಜು ಎರಡಾಗಿತ್ತು. ಕೈ ಹಳೆಯ ಅಭ್ಯಾಸದಿಂದ ಸೊಂಟಕ್ಕೆ ಹೋಯಿತು, ಅಲ್ಲಿ ಲ್ಯಾಬಿನ ಬೀಗದ ಕೈ ಇರಲಿಲ್ಲ. ಕೂತು ಬರೆದೆ: ಒಡೆದಿದೆ.

ಸೋಮವಾರ ಟೀಚರು ಮೆಟ್ಟಿಲ ಅರ್ಧದಲ್ಲಿ ನಿಂತು ಅದನ್ನು ಓದಿದರು. ಇನ್ನೊಂದು ಸಲ ಓದಿದರು. ಸಹಿ ಹಾಕಿ ಪುಸ್ತಕ ನನಗೆ ಕೊಟ್ಟು, ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಮೇಲೆ ಹೋದರು.